ಅಮ್ಮನ ಹೂಂ

ನಮ್ಮ ಮನೆಯಲ್ಲಿ ನೆಗ್ಗದ ಪಾತ್ರೆ ಒಂದೂ ಇರಲಿಲ್ಲ. ಅನ್ನದ ತಪ್ಪಲೆಯ ಅಂಚಿನಲ್ಲಿದ್ದ ನೆಗ್ಗು ಸಾರಿಗೆ ಉಪ್ಪು ಜಾಸ್ತಿಯಾದ ದಿನದ್ದು. ನೀರಿನ ಕೊಡದ ಹೊಟ್ಟೆಯಲ್ಲಿದ್ದದ್ದು ಅಜ್ಜಿ ಮಗನಿಗೆ ಬುದ್ಧಿ ಹೇಳಲು ಹೋದ ದಿನದ್ದು. ಹಾಲಿನ ಚೆಂಬಿಗೆ ಮೂರು ನೆಗ್ಗುಗಳಿದ್ದವು, ಅವುಗಳ ಕಾರಣ ಈಗ ನೆನಪಿಲ್ಲ; ಬಹುಶಃ ಆಗಲೂ ಕಾರಣ ಇರಲಿಲ್ಲ. ಅಪ್ಪ ಎಸೆಯುತ್ತಿದ್ದ. ಗಲಾಟೆ ತಣ್ಣಗಾದ ಮೇಲೆ ಅಮ್ಮ ಆ ಪಾತ್ರೆಯನ್ನು ಕುಲುಮೆಗೆ ಒಯ್ದು, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕವುಚಿ, ಮರದ ಕೊಡತಿಯಿಂದ ತಟ್ಟಿ ತಟ್ಟಿ ಆದಷ್ಟು ನೇರ ಮಾಡಿ, ಅದರಲ್ಲೇ ಮತ್ತೆ ಅನ್ನಕ್ಕಿಡುತ್ತಿದ್ದಳು. ಅಪ್ಪ ಕುಡಿಯುತ್ತಿರಲಿಲ್ಲ. ಕುಡಿದು ಹೊಡೆಯುವವರಿಗೆ ಬೆಳಿಗ್ಗೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತದೆ. ನಮ್ಮಪ್ಪ ಕಾಫಿ ಕುಡಿದೇ ಹೊಡೆಯುತ್ತಿದ್ದ. ಈಗ ಮಾಚೇನಹಳ್ಳಿಯಲ್ಲಿ ನನ್ನದೇ ಒಂದು ಕುಲುಮೆ ಇದೆ, ಶನಿವಾರ ಭಾನುವಾರ ಪ್ರವಾಸಿಗರ ಬಸ್ಸು ನಿಲ್ಲುತ್ತದೆ, ಕಬ್ಬಿಣ ಬಡಿಯುವ ಹೆಂಗಸನ್ನು ನೋಡಲು ಜನ ಫೋನು ಹಿಡಿದು ಇಳಿಯುತ್ತಾರೆ. ಇದನ್ನೆಲ್ಲ ಯಾರು ಕಲಿಸಿದರು ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಅಪ್ಪ ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಆ ಸುಳ್ಳು ಹೇಳಿದ ದಿನ ಕೆಲಸಗಾರರ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಒಮ್ಮೆ ಕಾದ ಸರಳನ್ನೇ ಒಬ್ಬನ ಕಾಲ ಬಳಿಗೆ ಎಸೆದಿದ್ದೇನೆ. ನನ್ನ ಕೈ ಎಲ್ಲಿಂದ ಬಂದದ್ದು ಎಂದು ನನಗೆ ಚೆನ್ನಾಗಿ ಗೊತ್ತು.

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮದು ಎರಡು ಕೋಣೆಯ ಮನೆ. ಹಿಂದಿನದು ಅಡುಗೆಗೆ ಮತ್ತು ಅಜ್ಜಿಗೆ, ಮುಂದಿನದು ಉಳಿದೆಲ್ಲದಕ್ಕೆ. ಮನೆಗೆ ತಾಗಿಕೊಂಡು ರಸ್ತೆಯ ಕಡೆಗೆ ತಗಡಿನ ಮಾಡು, ಅದರಡಿ ಅಜ್ಜ ಹಾಕಿದ ಕುಲುಮೆ. ಒಲೆಯ ಹೊಗೆ ಯಾವುದು, ಕುಲುಮೆಯ ಹೊಗೆ ಯಾವುದು ಎಂದು ಹೇಳಲಾಗುತ್ತಿರಲಿಲ್ಲ. ಊಟಕ್ಕೆ ಕುಳಿತರೆ ತಟ್ಟೆಯ ಅಂಚಿನಲ್ಲಿ ಇದ್ದಲಿನ ಕರಿಪುಡಿ ಇರುತ್ತಿತ್ತು, ಬೆರಳಲ್ಲಿ ಒರೆಸಿಕೊಂಡು ತಿನ್ನುತ್ತಿದ್ದೆವು. ಅಪ್ಪ ವಯಸ್ಸಿನಲ್ಲಿ ಈ ಕಸುಬು ನನಗೆ ಬೇಡ ಎಂದು ಅಜ್ಜನ ಮುಖಕ್ಕೇ ಹೇಳಿ ಒಂದು ಕಾರ್ಖಾನೆಗೆ ಗುತ್ತಿಗೆ ಫಿಟ್ಟರ್ ಆಗಿ ಹೋದವನು. ಆ ಕೆಲಸ ಹೋದ ಮೇಲೆ ತಲೆ ತಗ್ಗಿಸಿಕೊಂಡು ಅದೇ ಕುಲುಮೆಗೆ ವಾಪಸಾದ. ಅಷ್ಟರಲ್ಲಿ ಅಜ್ಜ ಸತ್ತಿದ್ದ, ಹೇಳಿಕೊಡುವವರಿರಲಿಲ್ಲ. ತಗ್ಗಿದ ತಲೆ ಯಾರಿಗೂ ಕಾಣಬಾರದೆಂದು ಕೈ ಎತ್ತಲು ಶುರು ಮಾಡಿದ ಎಂದು ಈಗ ಅಂದುಕೊಳ್ಳುತ್ತೇನೆ. ಆಗ ಹಾಗೆಲ್ಲ ಅನ್ನಿಸುತ್ತಿರಲಿಲ್ಲ. ಆಗ ಇವನು ಸಾಯಲಿ ಅನ್ನಿಸುತ್ತಿತ್ತು.

ನಾವು ಮಾಡುತ್ತಿದ್ದದ್ದು ಕತ್ತಿ, ಕೊಡಲಿ, ಈಳಿಗೆ. ಗುಜರಿಯಿಂದ ತಂದ ಲಾರಿ ಸ್ಪ್ರಿಂಗಿನ ಪಟ್ಟಿಯನ್ನು ಕಾಯಿಸಿ ಬಡಿದರೆ ಕತ್ತಿಯ ಆಕಾರ ಯಾರಿಗೆ ಬೇಕಾದರೂ ಬರುತ್ತದೆ. ಅದು ನಿಜವಾಗಿ ಕತ್ತಿಯಾಗುವುದು ಹದದಲ್ಲಿ. ಕೆಂಪಗೆ ಕಾದ ಅಲಗನ್ನು ನೀರಿಗೆ ಅದ್ದಿ ತೆಗೆದು, ಕಲ್ಲಿನಿಂದ ಎರಡು ಸಲ ಉಜ್ಜಿದರೆ ಬೆಳ್ಳಗೆ ಹೊಳೆಯುತ್ತದೆ. ಕತ್ತಿಯ ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಅಲಗಿನ ಕಡೆ ಹರಿದು ಬರುವಾಗ ಅದರ ಮೇಲೆ ಬಣ್ಣ ಏಳುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ನೇರಳೆ, ಕೊನೆಗೆ ನೀಲಿ. ಬೆಲ್ಲದ ಬಣ್ಣ ಅಲಗು ಮುಟ್ಟಿದ ಗಳಿಗೆಯಲ್ಲೇ ಮತ್ತೆ ನೀರಿಗೆ ಹಾಕಬೇಕು. ಅವಸರ ಮಾಡಿದರೆ ಕತ್ತಿ ಗಾಜಿನಂತೆ ಚೂರಾಗುತ್ತದೆ, ತಡ ಮಾಡಿದರೆ ಅಲಗು ಮಡಚಿಕೊಳ್ಳುತ್ತದೆ. ಅಪ್ಪನಿಗೆ ಆ ಬಣ್ಣ ಕಾಣುತ್ತಿರಲಿಲ್ಲ. ಎಡಗಣ್ಣು ಕಿಡಿ ಬಿದ್ದು ಹೋಗಿತ್ತು, ಬಲಗಣ್ಣಿಗೆ ಪೊರೆ ಬರುತ್ತಿತ್ತು. ಇದು ಗೊತ್ತಿದ್ದದ್ದು ಮನೆಯವರಿಗೆ ಮಾತ್ರ, ಮನೆಯಲ್ಲೂ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಬಣ್ಣ ನೋಡುತ್ತಿದ್ದವಳು ಅಮ್ಮ. ಕುಲುಮೆಗೆ ಇದ್ದಲು ಹಾಕುತ್ತ ಪಕ್ಕದಲ್ಲೇ ನಿಂತಿರುತ್ತಿದ್ದಳು, ಬಣ್ಣ ಬಂದ ಕೂಡಲೇ "ಹೂಂ" ಎನ್ನುತ್ತಿದ್ದಳು. ಅಪ್ಪ ಅದ್ದುತ್ತಿದ್ದ. ಗಿರಾಕಿಗಳು ಎದುರಿಗೇ ಕುಳಿತಿದ್ದರೂ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಹೆಂಡತಿ ಹೂಂಗುಟ್ಟುವುದನ್ನು ಯಾರು ಕಿವಿಗೊಟ್ಟು ಕೇಳುತ್ತಾರೆ? ಅಪ್ಪ ಒಂದು ದಿನವೂ "ಬಂತಾ" ಎಂದು ಕೇಳಿದವನಲ್ಲ. ಅಮ್ಮನ ಸೀರೆಯ ಸೆರಗು ಹಿಡಿದು ನಿಂತು ನಾನೂ ಬಣ್ಣ ಕಲಿತೆ. ಈಗ ಹುಲ್ಲು, ಈಗ ಬೆಲ್ಲ ಎಂದು ಅವಳು ನನಗೆ ಮಾತ್ರ ಕೇಳುವ ಹಾಗೆ ಹೇಳುತ್ತಿದ್ದಳು. ನನಗೆ ಆಗ ಒಂಬತ್ತು ವರ್ಷ.

ಅಂಗಡಿಗಳಲ್ಲಿ ಮಿಷಿನ್ನಿನ ಕತ್ತಿ ಬಂದು ನಮ್ಮ ಕುಲುಮೆ ವಾರಕ್ಕೆ ಎರಡು ದಿನ ಉರಿದರೆ ಹೆಚ್ಚು ಎನ್ನುವ ಹಾಗಾಗಿತ್ತು. ಆಗ ಬಂದವನು ಶಂಕ್ರಣ್ಣ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟ್ರಾವೆಲ್ಸ್ ಅಂಗಡಿ ಇಟ್ಟವನು. ಬೆಳಿಗ್ಗೆ ಆನೆ ಬಿಡಾರ, ಮಧ್ಯಾಹ್ನ ಹಳೇ ದೇವಸ್ಥಾನ, ಸಂಜೆಗೆ ಹಿಂದಿನ ಕಾಲದ ಒಂದು ಕಸುಬು, ಹೀಗೆ ಒಂದು ದಿನದ ಪ್ರವಾಸ ಮಾಡಿಸುವುದು ಅವನ ಯೋಜನೆ. ಆನೆಗಳ ನಂತರ ನಮ್ಮ ಸರದಿ. ಅಡಿಗಲ್ಲಿನ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತು ಅಪ್ಪನಿಗೆ ಹೇಳಿದ.

"ಇದು ಶೋಕಿಗಲ್ಲ ಮಾರಾಯ್ರೇ. ಜನ ಬರ್ತಾರೆ, ನೋಡ್ತಾರೆ, ಕೈಯಲ್ಲೊಂದು ಕತ್ತಿ ಹಿಡ್ಕೊಂಡು ಹೋಗ್ತಾರೆ. ನಿಮ್ಗೂ ಒಂದು ದಾರಿ ಆಗುತ್ತೆ. ಆದ್ರೆ ಆ ಕರೆಂಟ್ ಬ್ಲೋವರ್ ಮಾತ್ರ ಕಾಣ್ಬಾರ್ದು. ನಿಮ್ಮಪ್ಪನ ಕಾಲದ್ದು, ಗಾಳಿ ಊದೋ ಚರ್ಮದ ತಿದಿ ಇದೆಯಲ್ಲ, ಅದನ್ನ ಕಟ್ಟಿ. ಅಕ್ಕ ಎಳೀಲಿ, ನೋಡೋಕೆ ಚೆನ್ನಾಗಿರುತ್ತೆ. ನೀವು ಪ್ಯಾಂಟ್ ಬಿಟ್ಟು ಪಂಚೆ ಉಟ್ಕೊಳಿ."

ಅಪ್ಪ ತುಟಿ ಬಿಗಿಹಿಡಿದು ತಲೆಯಾಡಿಸಿದ. ಅಟ್ಟದಲ್ಲಿ ಇಲಿ ಕಡಿದು ಬಿದ್ದಿದ್ದ ತಿದಿಯನ್ನು ಇಳಿಸಿ ತೇಪೆ ಹಾಕಿದ. ಬ್ಲೋವರನ್ನು ಗೋಣಿಚೀಲದಲ್ಲಿ ಮುಚ್ಚಿ ಬಚ್ಚಲ ಹಿಂದೆ ಇಟ್ಟ. ಅವನು ಕಾರ್ಖಾನೆಯಿಂದ ಬಂದ ಮೇಲೆ ಸ್ವಂತ ಸಂಪಾದನೆಯಲ್ಲಿ ತಂದ ಒಂದೇ ಹೊಸ ವಸ್ತು ಆ ಬ್ಲೋವರ್. ಅದನ್ನು ಬಚ್ಚಿಟ್ಟ ಸಿಟ್ಟು ಅವತ್ತಿನ ಊಟದ ತಟ್ಟೆಯ ಮೇಲೆ ಇಳಿಯಿತು. ಗೋಡೆಗೆ ಅಂಟಿದ ಅನ್ನವನ್ನು ನಾನೂ ಅಜ್ಜಿಯೂ ಬಿಡಿಸಿ ತೆಗೆದೆವು.

ಮೊದಲ ವ್ಯಾನು ಬರುವ ಭಾನುವಾರ ಅಮಾವಾಸ್ಯೆ ಬಿತ್ತು. ಕಬ್ಬಿಣದ ಕೆಲಸದವರು ಅಮಾವಾಸ್ಯೆಯ ದಿನ ಕುಲುಮೆಗೆ ಬೆಂಕಿ ಹಾಕುವುದಿಲ್ಲ, ಸುತ್ತಿಗೆ ಮುಟ್ಟುವುದಿಲ್ಲ. ಅಡಿಗಲ್ಲಿಗೆ ಕುಂಕುಮ ಇಟ್ಟು, ಕಾಳಮ್ಮನ ಪಟಕ್ಕೆ ಹೂ ಏರಿಸಿ ಸುಮ್ಮನಿರುವ ದಿನ ಅದು. ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಬಂದಾಗ ಅಪ್ಪ ಇದ್ದಲು ಸುರಿಯುತ್ತಿದ್ದ.

"ಹೊಟ್ಟೆಗಿಲ್ದೆ ಇದ್ದಾಗ್ಲೂ ನಿಮ್ಮಪ್ಪ ಅಮಾಸೆ ದಿನ ಬೆಂಕಿ ಹಚ್ಚಿದೋರಲ್ಲ. ಇನ್ನೊಂದು ದಿನ ಬನ್ನಿ ಅನ್ನು ಅವ್ರಿಗೆ."

"ಅಮಾಸೆ ಅಂತ ಆನೆ ರಜ ಹಾಕುತ್ತಾ? ಒಳಗೆ ಹೋಗಿ ಕೂತ್ಕೋ."

ಅಜ್ಜಿ ಕದಲಲಿಲ್ಲ. ಅಪ್ಪ ಭುಜ ಹಿಡಿದು ತಳ್ಳಿದ. ಅವಳ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು, ಕುಂಕುಮ ಹೊಸ್ತಿಲ ತುಂಬ ಚೆಲ್ಲಿತು. ಎಲ್ಲಿ ಕುಂಕುಮ, ಎಲ್ಲಿ ರಕ್ತ ಎಂದು ನೋಡುವಷ್ಟರಲ್ಲಿ ಹೊರಗೆ ವ್ಯಾನಿನ ಹಾರನ್ ಕೇಳಿತು. ಅಮ್ಮ ಅಜ್ಜಿಯ ಹಣೆಗೆ ಅರಿಶಿನ ಒತ್ತಿ, ಕೈ ತೊಳೆದುಕೊಂಡು, ಸೆರಗು ಸಿಕ್ಕಿಸಿಕೊಂಡು ತಿದಿಯ ಹತ್ತಿರ ಹೋಗಿ ನಿಂತಳು.

ಬಂದವರು ಹತ್ತು ಹನ್ನೆರಡು ಜನ. ಕೆಂಪಗೆ ಕಾದ ಕಬ್ಬಿಣ ನೋಡಿ ಖುಷಿಪಟ್ಟರು, ತಿದಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅಪ್ಪ ಪಂಚೆಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ. ಕತ್ತಿಯನ್ನು ಹದಕ್ಕೆ ಹಿಡಿದ, ಅಮ್ಮ ಹೂಂ ಎಂದಳು, ನೀರು ಬುಸ್ಸೆಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕನ್ನಡಕದ ಹೆಂಗಸೊಬ್ಬಳು ನನ್ನ ಗಲ್ಲ ಹಿಡಿದು ಕೇಳಿದಳು.

"ಯಾವಾಗ ನೀರಿಗೆ ಹಾಕ್ಬೇಕು ಅಂತ ನಿಮ್ಮಪ್ಪಂಗೆ ಹೆಂಗೆ ಗೊತ್ತಾಗುತ್ತೆ ಪುಟ್ಟಿ?"

"ಅಪ್ಪಂಗೆ ಕಾಣಲ್ಲ. ಬಣ್ಣ ನೋಡೋದು ನಮ್ಮಮ್ಮ. ಅಮ್ಮ ಹೂಂ ಅಂದ್ಮೇಲೆ ಅಪ್ಪ ಹಾಕೋದು."

ನನಗೆ ಅಮ್ಮನ ಬಗ್ಗೆ ಹೆಮ್ಮೆ ಇತ್ತು, ಅದನ್ನು ಯಾರಾದರೂ ಕೇಳಲಿ ಎಂದು ಎಷ್ಟು ದಿನದಿಂದ ಕಾಯುತ್ತಿದ್ದೆನೋ. ಎಲ್ಲರೂ ನಕ್ಕರು. ಹಾಗಾದರೆ ಇಲ್ಲಿ ಕಮ್ಮಾರ ಅಮ್ಮನೇ ಅನ್ನಿ ಎಂದು ಒಬ್ಬ ಗಂಡಸು ಅಪ್ಪನ ಬೆನ್ನು ತಟ್ಟಿದ. ಅಪ್ಪನೂ ನಕ್ಕ. ಅವನು ನಕ್ಕದ್ದನ್ನು ನೋಡಿ ನಾನು ಮೆಲ್ಲಗೆ ನೀರಿನ ತೊಟ್ಟಿಯ ಹಿಂದಕ್ಕೆ ಸರಿದೆ.

ವ್ಯಾನು ತಿರುವು ದಾಟುವವರೆಗೂ ಅಪ್ಪ ರಸ್ತೆಯಲ್ಲೇ ನಿಂತು ಕೈ ಬೀಸಿದ. ಒಳಗೆ ಬಂದವನೇ ಇಕ್ಕಳ ಕೈಗೆತ್ತಿಕೊಂಡ. ಒಂದೂವರೆ ಮೊಳದ ಕಬ್ಬಿಣದ ಇಕ್ಕಳ. ಮೊದಲ ಏಟು ಅಮ್ಮನ ಬೆನ್ನಿಗೆ ಬಿತ್ತು, ಎರಡನೆಯದನ್ನು ತಡೆಯಲು ಅವಳು ಬಲಗೈ ಅಡ್ಡ ಹಿಡಿದಳು. ಮೂಳೆ ಮುರಿದ ಸದ್ದು ಒಣ ಸೌದೆ ಮುರಿದ ಹಾಗೆ ಕೇಳಿಸಿತು. ಅವಳು ಇದ್ದಲ ರಾಶಿಯ ಮೇಲೆ ಕುಸಿದಳು. ಅಪ್ಪ ಜಡೆ ಹಿಡಿದು ಮುಖವನ್ನು ಮೇಲೆತ್ತಿದ.

"ಈಗ ಅನ್ನು. ಅವ್ರ ಮುಂದೆ ಅಂದ್ಯಲ್ಲ, ಈಗ ಅನ್ನು ಹೂಂ ಅಂತ."

ಅಮ್ಮ ಬಾಯಿ ಬಿಡಲಿಲ್ಲ. ಅಳಲೂ ಇಲ್ಲ. ಮೂರನೆಯ ಏಟು ಕಿವಿಯ ಮೇಲೆ ಬಿತ್ತು. ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದ ಅಜ್ಜಿ ತೆವಳಿಕೊಂಡು ಬಂದು ಅವಳ ಮೇಲೆ ಬಿದ್ದು ಮುಚ್ಚಿಕೊಂಡಳು. ನಾನು ನೀರಿನ ತೊಟ್ಟಿಯ ಹಿಂದೆ ಕುಳಿತು ನನ್ನದೇ ಮುಂಗೈ ಕಚ್ಚಿಕೊಂಡಿದ್ದೆ. ಮಾತಾಡಿದವಳು ನಾನು. ನನ್ನನ್ನು ಅವನು ಮುಟ್ಟಲೇ ಇಲ್ಲ. ಆಮೇಲೆ ಮೂಳೆ ಕಟ್ಟುವವನು ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟುವಾಗ, ಬಚ್ಚಲಲ್ಲಿ ಜಾರಿದಳು ಎಂದು ಅಜ್ಜಿ ಹೇಳಿದಳು. ಇಬ್ಬರೂ ಜಾರಿದಿರಾ ಎಂದು ಅವನು ಕೇಳಿದ. ಅಜ್ಜಿ ಹೌದೆಂದಳು.

ಎರಡು ದಿನ ಬಿಟ್ಟು ಅಮ್ಮ ಮತ್ತೆ ಕುಲುಮೆಗೆ ಬಂದಳು. ಬಲಗೈ ಕೊರಳಿಗೆ ಕಟ್ಟಿತ್ತು, ಎಡಗೈಯಲ್ಲಿ ಗಾಳಿ ಹಾಕಿದಳು. ಅಪ್ಪ ಕತ್ತಿಯನ್ನು ಹದಕ್ಕೆ ಹಿಡಿದ. ಹುಲ್ಲು ಬಂತು, ಬೆಲ್ಲ ಬಂತು, ನೇರಳೆಯಾಯಿತು, ನೀಲಿಯಾಯಿತು. ಅಮ್ಮ ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದಳು. ಅವಳಿಂದ ಸದ್ದಿಲ್ಲ. ಅಪ್ಪ ಅಂದಾಜಿನಲ್ಲಿ ಅದ್ದಿದ. ಮರದ ಕೊರಡಿಗೆ ಹೊಡೆದಾಗ ಅಲಗು ತಗಡಿನ ಹಾಗೆ ಮಡಚಿತು. ಎರಡನೆಯದನ್ನು ಬೇಗ ಅದ್ದಿದ, ಅದು ಚೂರಾಯಿತು. ಮೂರನೆಯದೂ ಚೂರಾದಾಗ ಅವನಿಗೆ ಅರ್ಥವಾಯಿತು. ಚೂರನ್ನೇ ಅವಳ ಮೇಲೆ ಎಸೆದ, ಅದು ಗಲ್ಲ ಸವರಿಕೊಂಡು ಹೋಯಿತು. ಆಮೇಲಿನ ದಿನಗಳು ಎಲ್ಲ ಒಂದೇ ಥರ. ಕತ್ತಿ ಕೆಡುವುದು, ಅಪ್ಪ ಒದೆಯುವುದು, ಗಿರಾಕಿ ಕೆಟ್ಟ ಕತ್ತಿಯನ್ನು ತಂದು ಮುಖದ ಮೇಲೆ ಬಿಸಾಡುವುದು, ಅದಕ್ಕೆ ಅಪ್ಪ ಮತ್ತೆ ಒದೆಯುವುದು. ಅಡುಗೆ ಮನೆಯಲ್ಲಿ ಅನ್ನ ಹೋಗಿ ಗಂಜಿ ಬಂತು. ನಾನು ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಹುಡುಗಿಯ ತುಟಿ ಒಡೆದೆ. ಅವಳು ಮಾಡಿದ ತಪ್ಪೆಂದರೆ ನಾನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಹೊಡೆದಾಗ ಕೈಗೆ ಹಿತವಾಯಿತು. ಅದು ನನಗೆ ಇವತ್ತಿಗೂ ಭಯ ಹುಟ್ಟಿಸುವ ನೆನಪು.

ಅಜ್ಜಿ ಒಲೆಯ ಮುಂದೆ ಅಮ್ಮನಿಗೆ ಗೋಗರೆದಳು.

"ಅಂದ್ಬಿಡೇ ಮಾರಾಯ್ತಿ. ಒಂದು ಹೂಂ ಅಲ್ವಾ, ನಿನ್ನ ಗಂಟೇನು ಹೋಗುತ್ತೆ? ಮೈಯಲ್ಲಿ ಇನ್ನೆಷ್ಟು ಮೂಳೆ ಉಳಿದಿದೆ ಅಂತ ಹಟ ಮಾಡ್ತೀಯ?"

"ಅವ್ರು ಕೇಳ್ಲಿ ಅತ್ತೆ. ಬಂತಾ ಅಂತ ಬಾಯಿಬಿಟ್ಟು ಕೇಳ್ಲಿ. ಒದೆ ತಿನ್ನಿಸಿದ ಮಾತು ನಾಲ್ಕು ಜನರ ಮುಂದೆ ಹುಟ್ಟಿತಲ್ಲ, ನಾಲ್ಕು ಜನರ ಮುಂದೇನೇ ಕೇಳ್ಲಿ. ಅವತ್ತು ಹೇಳ್ತೀನಿ."

ಅಮ್ಮ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ದನಿ ಏರಿಸಲಿಲ್ಲ, ಒಲೆಯ ಬೆಂಕಿ ಮುಂದಕ್ಕೆ ತಳ್ಳುತ್ತ ಹೇಳಿದಳು.

ಆ ಹೊತ್ತಿಗೆ ಶಂಕ್ರಣ್ಣ ಮತ್ತೆ ಬಂದ. ಶಿವಮೊಗ್ಗದ ರಸ್ತೆಯಲ್ಲಿ ಪ್ರವಾಸಿಗರಿಗೆಂದು ಹಳೇ ಕಸುಬುಗಳ ಒಂದು ಜಾಗ ಮಾಡುತ್ತಿದ್ದರಂತೆ. ಕುಂಬಾರ, ಮೇದಾರ, ಗುಡಿಗಾರ ಎಲ್ಲರಿಗೂ ಒಂದೊಂದು ಮಳಿಗೆ. ಕಮ್ಮಾರನಿಗೆ ಕಟ್ಟಿದ ಕುಲುಮೆ, ತಿಂಗಳ ಸಂಬಳ, ಕಸುಬುದಾರನೆಂದು ಗುರುತಿನ ಚೀಟಿ. ಆರಿಸಲು ಆಫೀಸರು ಬರುತ್ತಾರೆ, ಅವರ ಎದುರಿಗೆ ಒಂದು ಕತ್ತಿ ಶುರುವಿನಿಂದ ಕೊನೆಯವರೆಗೆ ಮಾಡಿ ತೋರಿಸಬೇಕು, ಅದು ಕಬ್ಬಿಣದ ಮೊಳೆಯನ್ನು ಕಡಿಯಬೇಕು, ಅಲಗು ಮುಕ್ಕಾಗಬಾರದು.

"ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ ಈ ಕಡೆ? ಹೋದ್ಸಲ ಮಾಡಿದ್ರಲ್ಲ, ಹಂಗೆ ಮಾಡಿ ಸಾಕು."

ಅಪ್ಪ ಆಗಲಿ ಎಂದ. ಆಗುವುದಿಲ್ಲ ಎಂದು ಹೇಳಲು ಅವನಿಗೆ ಬರುತ್ತಿರಲಿಲ್ಲ. ನಮ್ಮ ಹತ್ತಿರ ಉಳಿದಿದ್ದ ಒಂದೇ ದಾರಿ ಅದು, ಅದು ನನಗೂ ಗೊತ್ತಿತ್ತು. ಕತ್ತಿ ಒಡೆದರೆ ಅಪ್ಪ ಈ ಸಲ ಇಕ್ಕಳ ಅಲ್ಲ, ಚಮ್ಮಟಿಗೆಯನ್ನೇ ಎತ್ತುತ್ತಾನೆ ಎಂದು ನಾನು ಖಂಡಿತವಾಗಿ ನಂಬಿದ್ದೆ. ಆಫೀಸರು ಬರುವ ದಿನ ಬೆಳಿಗ್ಗೆ ಅಮ್ಮ ಮದುವೆಯ ಸೀರೆ ಉಟ್ಟಳು. ದಬ್ಬೆ ಬಿಚ್ಚಿದ್ದರು, ಆದರೆ ಬಲಗೈ ಇನ್ನೂ ಸೊಟ್ಟ ಇತ್ತು. ಎಡಗೈಯಲ್ಲೇ ನನ್ನ ತಲೆ ಬಾಚಿದಳು, ಬೈತಲೆ ಓರೆಯಾಯಿತು.

"ನೀನು ಇವತ್ತು ಒಳಗೆ ಓಡ್ಬೇಡ. ನನ್ನ ಪಕ್ಕದಲ್ಲೇ ನಿಂತ್ಕೊಂಡು ನೋಡು."

ಆಫೀಸರು, ಅವರ ಜೊತೆಗಿನ ಇಬ್ಬರು, ಶಂಕ್ರಣ್ಣ, ಬೀದಿಯ ಜನ ಎಲ್ಲ ಸೇರಿ ಮಾಡಿನ ಕೆಳಗೆ ಜಾಗ ಇರಲಿಲ್ಲ. ಅಪ್ಪ ಪಟ್ಟಿ ಕಾಯಿಸಿದ, ಬಡಿದ. ಆ ಕೆಲಸದಲ್ಲಿ ಅವನಿಗೆ ಹೆಸರಿಡುವ ಹಾಗಿರಲಿಲ್ಲ, ಸುತ್ತಿಗೆ ಅವನ ಕೈಯಲ್ಲಿ ತಪ್ಪುತ್ತಿರಲಿಲ್ಲ. ಕತ್ತಿ ರೂಪಕ್ಕೆ ಬಂತು. ಅಲಗನ್ನು ನೀರಿಗೆ ಅದ್ದಿ ತೆಗೆದ, ಕಲ್ಲಿನಿಂದ ಉಜ್ಜಿದ, ತೊಟ್ಟಿಯ ಮೇಲೆ ಹಿಡಿದು ನಿಂತ. ಅಮ್ಮ ತಿದಿ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಹುಲ್ಲಿನ ಬಣ್ಣ ಎದ್ದಿತು. ಅಪ್ಪನ ಮುಖದಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅವನು ಕತ್ತಿಯನ್ನು ನೋಡುವುದು ಬಿಟ್ಟ. ಕತ್ತು ತಿರುಗಿಸಿ ಅಮ್ಮನನ್ನು ನೋಡಿದ. ಅಮ್ಮ ಅವನನ್ನೇ ನೋಡುತ್ತಿದ್ದಳು. ಬಣ್ಣದ ಮೇಲೆ ಕಣ್ಣಿದ್ದದ್ದು ನನ್ನದೊಂದೇ. ಹುಲ್ಲು ಕಪ್ಪಾಗುತ್ತ ಬಂತು, ಬೆಲ್ಲ ಇಷ್ಟಿಷ್ಟೇ ಹರಿದು ಅಲಗಿನ ಅಂಚಿಗೆ ಬಂತು. ಇನ್ನೊಂದು ಉಸಿರು ಕಳೆದರೆ ನೇರಳೆ. ನನ್ನ ಕಿವಿಯಲ್ಲಿ ಆ ಮೂಳೆಯ ಸದ್ದು ಕೇಳಿತು.

"ಹೂಂ" ಎಂದೆ.

ಅಮ್ಮನ ಹೂಂ ಹೇಗೋ ಹಾಗೆಯೇ ಬಂತು ಅದು, ಮೂಗಿನಿಂದ, ಸಣ್ಣಗೆ. ನೀರು ಬುಸ್ಸೆಂದಿತು. ಅಪ್ಪ ಕತ್ತಿ ಒರೆಸಿ, ಅಡಿಗಲ್ಲಿನ ಮೇಲೆ ಮೊಳೆ ಇಟ್ಟು ಒಂದೇ ಏಟಿಗೆ ಕಡಿದ. ಎರಡು ತುಂಡು. ಆಫೀಸರು ಅಲಗಿನ ಮೇಲೆ ಉಗುರಾಡಿಸಿ ನೋಡಿ, ಭಲೇ ಯಜಮಾನ್ರೇ ಎಂದರು. ಶಂಕ್ರಣ್ಣ ಕೈ ಕುಲುಕಿದ. ಅಪ್ಪ ಜನರ ತಲೆಗಳ ಮೇಲಿಂದ ಅಮ್ಮನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದ. ಕಡೆಗೂ ದಾರಿಗೆ ಬಂದೆಯಲ್ಲ ಎಂಬಂತೆ ಇತ್ತು ಆ ನೋಟ. ಅಂದದ್ದು ನಾನು ಎಂದು ಅವನಿಗೆ ಗೊತ್ತಾಗಿರಲಿಲ್ಲ.

ಅಮ್ಮ ನನ್ನ ರಟ್ಟೆ ಹಿಡಿದು ಅಡುಗೆ ಮನೆಗೆ ಎಳೆದುಕೊಂಡು ಹೋದಳು. ಬಾಗಿಲು ಹಾಕಿ, ಎಡಗೈ ಬೀಸಿ ನನ್ನ ಕೆನ್ನೆಗೆ ಹೊಡೆದಳು. ನಾನು ನೀರಿನ ಕೊಡದ ಮೇಲೆ ಬಿದ್ದೆ, ತುಟಿ ಒಡೆಯಿತು. ಎಬ್ಬಿಸಿ ಇನ್ನೊಂದು ಹೊಡೆದಳು. ಹುಟ್ಟಿದಾಗಿನಿಂದ ಅವಳು ನನ್ನ ಮೇಲೆ ಕೈ ಎತ್ತಿರಲಿಲ್ಲ. ಮೂರನೆಯದಕ್ಕೆ ಎತ್ತಿದ ಕೈ ಹಾಗೇ ನಿಂತಿತು.

"ನಿಮ್ಮಪ್ಪ ಬಾಯಿ ತೆಗ್ದಿದ್ರು ಕಣೇ. ನೀನು ನೋಡ್ಲಿಲ್ಲ. ಬಂತಾ ಅಂತ ಕೇಳೋದ್ರಲ್ಲಿದ್ರು."

"ನಿನ್ನ ಕೊಂದ್ಬಿಡ್ತಿದ್ರು ಅಮ್ಮ."

"ಕೇಳಿ ಕೊಲ್ಲಲಿ ಅಂತಿದ್ದೆ."

ಅವಳು ನೆಲಕ್ಕೆ ಕುಳಿತು, ಸೊಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಸಲ ಅತ್ತಳು. ಹೊರಗೆ ಶಂಕ್ರಣ್ಣ ಕಾಫಿ ಆಗಲಿ ಅಕ್ಕ ಎಂದು ಕೂಗುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಮುಖ ತೊಳೆದು ಎಲ್ಲರಿಗೂ ಕಾಫಿ ಮಾಡಿದಳು.

ಅಪ್ಪನಿಗೆ ಮಳಿಗೆ ಸಿಕ್ಕಿತು, ಗುರುತಿನ ಚೀಟಿ ಸಿಕ್ಕಿತು, ಗಂಜಿ ಹೋಗಿ ಮತ್ತೆ ಅನ್ನ ಬಂತು. ಅಮ್ಮ ಆ ಮಳಿಗೆಗೆ ಒಂದು ದಿನವೂ ಕಾಲಿಡಲಿಲ್ಲ. ಇನ್ನು ಇವಳೇ ನೋಡುತ್ತಾಳೆ ಎಂದು ನನ್ನನ್ನು ಕಳಿಸಿದಳು. ಎಷ್ಟೋ ವರ್ಷ ಅಪ್ಪನ ಪಕ್ಕದಲ್ಲಿ ನಿಂತು ಹೂಂ ಎನ್ನುತ್ತ ನಾನು ಕಸುಬು ಕಲಿತೆ. ನನ್ನನ್ನೂ ಅವನು ಕೇಳಲಿಲ್ಲ. ಸಿಟ್ಟು ಬಂದಾಗಲೆಲ್ಲ ಮನೆಯಲ್ಲಿ ಅಮ್ಮನಿಗೆ, ಅವತ್ತು ಆಫೀಸರ ಮುಂದೆ ಬಾಲ ಮುದುರಿಕೊಂಡೆಯಲ್ಲ ಎಂದು ಹಂಗಿಸುತ್ತಿದ್ದ. ಸಾಯುವವರೆಗೂ ಹಂಗಿಸಿದ. ಅಂದದ್ದು ನಾನಲ್ಲ, ಮಗಳು ಎಂದು ಅಮ್ಮ ಒಂದೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಬಹುದಿತ್ತು. ಹೇಳಿದ್ದರೆ ಇಕ್ಕಳ ನನ್ನ ಕಡೆ ತಿರುಗುತ್ತಿತ್ತು. ಹಾಗಾಗಿ ಅವಳು ಹೇಳಲಿಲ್ಲ, ಪಕ್ಕದಲ್ಲೇ ತಟ್ಟೆಗೆ ಬಡಿಸುತ್ತ ನಿಂತಿದ್ದ ನಾನೂ ಹೇಳಲಿಲ್ಲ.